ಒಡದು ಬಂದ ಹಳೆ ಪೇಟಿ, ಸೀಳಿ ಬಂದ ತಂಬೂರಿ: ವಾಪಸ್ಸೋ, ಕ್ಲೇಮೋ, ರಿಪೇರಿಯೋ?

ಹಳೆ ಪೇಟಿ (ಹಾರ್ಮೋನಿಯಂ), ಹಳೆ ತಂಬೂರಿ ಫೋನಿನಾಗ ನೋಡಿ ಪುಣೆ, ದಿಲ್ಲಿಯಿಂದ ತರಿಸೋ ಮಂದಿ ಈಗ ನಮ್ಮ ಕಲಬುರಗಿ ಕಡಿನೂ ಭಾಳ ಆಗ್ಯಾರ, ಭಜನಿ ಮಂಡಳಿಯವರು, ಸಂಗೀತ ಕಲಿಯೋ ಹುಡುಗರು, ಕವ್ವಾಲಿ ಹಾಡೋರು, ಎಲ್ಲಾರೂ. ಹೊಸಾದು ಒಂದು ತಗೋಳೋ ರೊಕ್ಕದಾಗ ಹಳೇವು ಎರಡು ಬರ್ತಾವ, ಮ್ಯಾಲ ಹಳೆ ಪೇಟಿ ರೀಡಿಗಿ (ಗಾಳಿ ಹೊಡದಾಗ ದನಿ ಕೊಡೋ ಹಿತ್ತಾಳಿ ನಾಲಿಗಿ) ಇರೋ ದನಿ ಈಗಿನ ಸಸ್ತಾ ಪೇಟಿಗಿ ಬರಂಗಿಲ್ಲ. ಖರೆ ದಾರ್ಯಾಗ ಪೆಟ್ಟು ತಿಂದು ಬಂತಂದ್ರ ಏನ್ ಮಾಡಬೇಕು ಅನ್ನೋದು ಕೇಳಿದ್ರ ಒಬ್ಬೊಬ್ರು ಒಂದೊಂದು ಹೇಳತಾರ. ನನ್ನ ಕಡಿ ಮೂರು ವಾದ್ಯ ಹಂಗ ಬಂದಾವ. ಒಂದು ಸಣ್ಣ ಪೇಟಿ, ಆಮ್ಯಾಲ ದಿಲ್ಲಿಯಿಂದ ಒಂದು ಡಬಲ್ ರೀಡ್ ಪೇಟಿ (ಒಂದೊಂದು ಸ್ವರಕ್ಕ ಎರಡು ರೀಡು), ಆಮ್ಯಾಲ ಪುಣೆಯಿಂದ ಒಂದು ಗಂಡಸರ ದನಿಗಿ ಹೊಂದೋ ದೊಡ್ಡ ತಂಬೂರಿ. ಮೂರಕ್ಕೂ ಬ್ಯಾರೆ ಬ್ಯಾರೆ ಹಾದಿ ಹಿಡದು ನೋಡೀನಿ, ಅದನ್ನ ಒಂದರ ಬಾಜೂಕ ಒಂದು ಇಟ್ಟು ಹೇಳತೀನಿ.

ಮೊದಲು ವಾಪಸ್ ಕಳಸೋದು, ಯಾಕಂದ್ರ ಎಲ್ಲಾರಿಗೂ ಮೊದಲು ತಲಿಗಿ ಬರೋದು ಅದೇ. ಸಣ್ಣ ಪೇಟಿ ಹಳೆ ಸಾಮಾನು ಮಾರೋ ಅಂಗಡಿಯವರ ಕಡಿಂದ ಬಂದಿತ್ತು, ಮ್ಯಾಲಿನ ಹಲಗಿ ಬಿರುಕು ಬಿಟ್ಟಿತ್ತು, ಒಂದು ಕಡಿ ಹಿಡಿಕಿ ಕಿತ್ತಿತ್ತು, ಅಂಗಡಿಯವರು ಫೋನಿನಾಗ ಛಲೋನೇ ಮಾತಾಡಿ ಕಳಸ್ರಿ ರೊಕ್ಕ ವಾಪಸ್ ಹಾಕ್ತೀವಿ ಅಂದ್ರು. ಹೋಗೋ ಬಾಡಿಗಿ ನಂದು, ಪ್ಯಾಕಿಂಗ್ ನಂದು, ಬಂದ ಡಬ್ಬಿ ಹರದು ಹೋಗಿತ್ತು ಅಂತ ಕಟ್ಟಿಗಿ ಪಟ್ಟಿ ಬಡಿಸೋ ಖರ್ಚು ಬ್ಯಾರೆ. ಅಲ್ಲಿ ಮುಟ್ಟಿದ ಮ್ಯಾಲ ಇಲ್ಲಿ ಎರಡು ಮನಿ (ಬೆರಳಿಲೇ ಒತ್ತೋ ಪಟ್ಟಿ) ಏಳವಲ್ವು, ಇದು ನೀವು ಕಳಸುವಾಗ ಆಗ್ಯದ ಅಂತ ಹೇಳಿ ಒಂದಿಷ್ಟು ಕಡದು ಕೊಟ್ರು. ಅವರು ಹೇಳಿದ್ದು ಸುಳ್ಳು ಅಂತ ನಾ ಅನ್ನಂಗಿಲ್ಲ, ಎರಡನೇ ಸಲ ಲಾರಿ ಹತ್ತಿದ ಸಡಿಲ ಪೇಟಿ ಇನ್ನಷ್ಟು ಕೆಟ್ಟಿರಲಿಕ್ಕೂ ಸಾಕು. ಅದಕ್ಕೇ ನನಗ ಈ ಹಾದಿ ಸೇರಂಗಿಲ್ಲ. ಒಡದ ವಾದ್ಯಕ್ಕ ಇನ್ನೊಂದು ಪ್ರಯಾಣ ಅಂದ್ರ ವಾದ್ಯಕ್ಕೇ ಘಾತ. ಮಾರಿದವ ಸುಳ್ಳು ಹೇಳಿದ್ದಿದ್ರ, ಅಂದ್ರ ಜರ್ಮನ್ ರೀಡು ಅಂತ ಹೇಳಿ ಬ್ಯಾರೆ ರೀಡು ಹಾಕಿದ್ದು, ಫೋಟೋದಾಗ ಇದ್ದದ್ದು ಒಂದು ಬಂದದ್ದು ಒಂದು, ಅಂಥಾದ್ದಕ್ಕ ವಾಪಸ್ ಸರಿ. ಬರೀ ದಾರ್ಯಾಗ ಆದ ಪೆಟ್ಟಿಗಿ ಬ್ಯಾಡ.

ಈಗ ಕ್ಲೇಮ್, ಅಂದ್ರ ಸಾಗಸಿದವರ ಕಡಿಂದ ಲುಕ್ಸಾನಿನ ರೊಕ್ಕ ಕೇಳೋದು. ಇದನ್ನ ಎರಡು ಸಲ ಮಾಡೀನಿ, ಒಂದರಾಗ ಕೈಗಿ ಏನೂ ಹತ್ತಲಿಲ್ಲ, ಇನ್ನೊಂದರಾಗ ರಿಪೇರಿ ಖರ್ಚು ಹೆಚ್ಚೂಕಮ್ಮಿ ಪೂರಾ ಬಂತು, ಆ ಫರಕು ಎಲ್ಲಿಂದ ಬಂತು ಅನ್ನೋದೇ ಇದರಾಗ ತಿಳಕೋಬೇಕಾದ್ದು.

ದಿಲ್ಲಿ ಪೇಟಿಗಿ ನಾ 14,000 ಕೊಟ್ಟಿದ್ದೆ. ಬುಕ್ ಮಾಡುವಾಗ ಮಾರಿದವರು ರಸೀದಿಯಾಗ ಹಳೆ ಸಾಮಾನು ಅಂತ ಬರಸಿ ಕಿಮ್ಮತ್ತು 2,000 ಹಾಕಿದ್ರು, ಬಾಡಿಗಿ 1,100 ಆಗಿತ್ತು. ನಮ್ಮ ದೇಶದಾಗ ರಸ್ತೆ ಮ್ಯಾಲ ಸಾಮಾನು ಸಾಗಸೋದಕ್ಕ 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆ ಅದ, ಕೊರಿಯರ್‌ನವರೂ ಅದರಾಗ ಬರ್ತಾರ, ಅದರ 2011ರ ನಿಯಮದ ಪ್ರಕಾರ ಹೆಚ್ಚಿನ ಕಿಮ್ಮತ್ತು ಹೇಳಿ ಅದಕ್ಕ ಹೆಚ್ಚಿನ ದರ ಕಟ್ಟಿರದಿದ್ರ ಅವರ ಜವಾಬ್ದಾರಿ ಬಾಡಿಗಿಯ ಹತ್ತು ಪಟ್ಟು, ಅದೂ ರಸೀದಿಯಾಗ ಬರದ ಕಿಮ್ಮತ್ತು ದಾಟಂಗಿಲ್ಲ. ಅಂದ್ರ ಹತ್ತು ಪಟ್ಟು ಲೆಕ್ಕಕ್ಕ 11,000 ಆದ್ರೂ ಬರದದ್ದು 2,000 ಅಂದ ಮ್ಯಾಲ ಮಾತು ಅಲ್ಲಿಗೇ ನಿಲ್ತದ. ಮ್ಯಾಲ ಕೊರಿಯರ್ ಆಫೀಸಿನವರು ಬುಕ್ ಮಾಡಿದವರೇ ಅರ್ಜಿ ಹಾಕಬೇಕು ನೀವು ಹಾಕಂಗಿಲ್ಲ ಅಂತ ಕುಂತ್ರು, ಮಾರಿದವರು ದಿಲ್ಲಿಯಾಗ, ಅವರಿಗಿ ಆಫೀಸಿಗಿ ಹೋಗೋ ಫುರಸತ್ತು ಇಲ್ಲ, ಹಿಂಗೇ ತಿಂಗಳು ಹೋದ್ವು, ಕಡೀಕ ನಾ ಅದನ್ನ ಬಿಟ್ಟೆ.

ತಂಬೂರಿ ತರಿಸುವಾಗ ಹಣ ಹಾಕೋಕಿಂತ ಮೊದಲೇ ಮಾರೋ ತಾಯಿಗಿ ಹೇಳಿದೆ, ಅಕ್ಕಾರ, ಪೂರಾ 18,000 ಅಂತ ಬರಸ್ರಿ, ಅದರ ಹೆಚ್ಚಿನ ದರ, ರಿಸ್ಕ್ ಚಾರ್ಜ್ ಅಂತಾರಲ್ಲ, ಎಷ್ಟಾಗ್ತದ ನಾ ಕೊಡತೀನಿ, ರಸೀದಿಯಾಗ ತಂಬೂರಿ ಅಂತೇ ಇರ್ಲಿ. ಅವರು ಹಂಗೇ ಮಾಡಿದ್ರು. ಡಬ್ಬಿ ಮುಟ್ಟಿದಾಗ ಒಂದು ಮೂಲಿ ಜಜ್ಜಿತ್ತು. ಸಹಿ ಮಾಡೋ ಕಾಗದದ ಮ್ಯಾಲ 'ಡಬ್ಬಿ ಜಜ್ಜಿ ಬಂದದ, ಒಳಗ ನೋಡಿಲ್ಲ' ಅಂತ ಬರದು ಸಹಿ ಹಾಕಿದೆ, ತಂದ ಹುಡುಗ ಹಂಗ ಬರೀಬ್ಯಾಡ್ರಿ ಕಾಕಾ ಅಂದ, ಇದು ನಿನ್ನ ಮ್ಯಾಲ ಅಲ್ಲಪ್ಪಾ ಅಂತ ತಿಳಿಸಿ ಹೇಳಿದೆ. ಡಬ್ಬಿ ಆರೂ ಮಗ್ಗಲದ ಫೋಟೋ, ಬಿಚ್ಚೋದರ ಪೂರಾ ವಿಡಿಯೋ, ಒಡದ ತುಂಬಾದ (ತಂಬೂರಿ ಕೆಳಗಿನ ದುಂಡನ ಕಾಯಿ) ಚೂರು ಎಲ್ಲಾ ಒಂದು ಪ್ಲಾಸ್ಟಿಕ್ ಚೀಲದಾಗ. ಇದೇ ಕಾಯ್ದೆಯಾಗ ಬುಕ್ ಆದ ದಿನದಿಂದ 180 ದಿನದೊಳಗ ಬರವಣಿಗಿಯಾಗ ನೋಟಿಸ್ ಕೊಡದೇ ಇದ್ರ ಕೋರ್ಟಿಗಿ ಹೋಗ್ಲಿಕ್ಕೆ ಬರಂಗಿಲ್ಲ ಅಂತ ಅದ. ಫೋನ್ ಕಾಲ್, ವಾಟ್ಸಪ್ ಮೆಸೇಜ್ ಮ್ಯಾಲ ಭರೋಸ ಇಡದೇ ನಾ ರಿಜಿಸ್ಟರ್ಡ್ ಪೋಸ್ಟಿಗಿ ಹಾಕಿದೆ, ಪುಣೆಯ ಅಕ್ಕಾರೂ ಅವರ ಹೆಸರಿನಿಂದ ಒಂದು ಹಾಕಿದ್ರು. ಅದು ಮುಟ್ಟಿದ ಮ್ಯಾಲೇ ಆ ಕಡಿಂದ ಫೋನ್ ಬಂತು, ರಿಪೇರಿ ಬಿಲ್ ಕಳಸ್ರಿ ಅಂತ. ಅವರು ಒಪ್ಪದಿದ್ರ ಜಿಲ್ಲಾ ಗ್ರಾಹಕರ ಆಯೋಗಕ್ಕ ಹೋಗೋನಿದ್ದೆ. 2019ರ ಗ್ರಾಹಕರ ಕಾಯ್ದೆಯಾಗ ನಾವು ಇರೋ ಜಿಲ್ಲಾದಾಗೇ ದೂರು ಹಾಕ್ಲಿಕ್ಕೆ ಬರ್ತದ, ಎರಡು ವರ್ಷದ ತನಕಾ ಟೈಮ್ ಅದ, 5 ಲಕ್ಷದ ತನಕಾ ಫೀಸು ಇಲ್ಲ. 1915 ನಂಬರಿನ ಸಹಾಯವಾಣಿನೂ ಅದ. ಒಂದು ಮಾತು ನೆನಪಿರ್ಲಿ, ಮನಿಯಾಗಿನ ಒಂದು ಪೇಟಿ ಮಾರಿದ ಮನುಷ್ಯಾ ವ್ಯಾಪಾರಿ ಅಲ್ಲ, ಅವನ ಮ್ಯಾಲ ಆ ದೂರು ನಿಲ್ಲೋದು ಕಷ್ಟ, ಸಾಗಸಿದವರ ಮ್ಯಾಲ ನಿಲ್ತದ.

ರೈಲ್ವೆ ಪಾರ್ಸೆಲ್‌ದಾಗ ತರಸೋರಿಗೂ ಕಥಿ ಇದೇ ನಮೂನಿ, ಕಿಮ್ಮತ್ತು ಹೇಳಿ ಅದರ ಮ್ಯಾಲಿನ ಚಾರ್ಜ್ ಕಟ್ಟಿರಬೇಕು, ನೋಟಿಸ್ ಆರು ತಿಂಗಳೊಳಗ.

ಮಾರಿದವರ ಸಂಗಾಟ ಖರ್ಚು ಅರ್ಧಾ-ಅರ್ಧಾ ಮಾಡಿಕೊಳ್ಳೋದು ಕ್ಲೇಮಿಗಿಂತ ಭಾಳ ಜಲ್ದಿ ಮುಗಿಯೋ ಹಾದಿ. ದಿಲ್ಲಿ ಪೇಟಿಗಿ ಕ್ಲೇಮ್ ಹುಟ್ಟಂಗಿಲ್ಲ ಅನ್ನೋದು ಗೊತ್ತಾದಾಗ ಮಾರಿದವರಿಗಿ ಫೋನ್ ಹಚ್ಚಿ ಜಗಳಾ ತಗೀಲಿಲ್ಲ, ರಿಪೇರಿ ಮಾಡೋ ಕಾಕಾನ ಕಡಿಂದ ಒಂದು ಚೀಟಿ ಬರಸಿ, ಭಾತಾ (ಗಾಳಿ ತುಂಬೋ ತಿದಿ) ಇಷ್ಟು, ಮೂಲಿ ಜೋಡಣಿ ಇಷ್ಟು, ಮನಿ ಕೂಡಸೋದು ಇಷ್ಟು ಅಂತ, ಅದರ ಫೋಟೋ, ವಿಡಿಯೋ ಕಳಸಿದೆ. ಭಾಯಿಸಾಬ್, ಪೇಟಿ ನಂಗ ಬೇಕು, ವಾಪಸ್ ಕಳಸಂಗಿಲ್ಲ, ಖರ್ಚಿನಾಗ ಅರ್ಧಾ ನೀವು ನೋಡ್ರಿ ಅಂದೆ. ಅವತ್ತೇ ಸಂಜಿಕ 2,000 ಬಂತು. ವಾಪಸ್ ಅಂದ್ರ ಮಾರಿದವರಿಗಿ ಪೂರಾ ರೊಕ್ಕ ಹೋಗೋ ಅಂಜಿಕಿ ಇರ್ತದ, ಪೇಟಿ ಇಟ್ಟುಕೊಳ್ತೀನಿ ಅಂದ ಕೂಡ್ಲೇ ಅವರ ಮಾತು ಸಡಲಾಗ್ತದ. ಮಂದಿ ಎಲ್ಲಿ ಕೆಡತಾರಂದ್ರ ಅಂದಾಜಿನ ಮ್ಯಾಲ ಐದು ಸಾವಿರ ಕೊಡ್ರಿ, ಹತ್ತು ಕೊಡ್ರಿ ಅಂತಾರ. ಚೀಟಿ ಇದ್ರ ಆ ಎಳದಾಟ ಇರಂಗಿಲ್ಲ.

ರೊಕ್ಕ ಯಾವ ಹಾದಿಯಿಂದ ಬಂದ್ರೂ ಅದನ್ನ ಯಾರ ಕೈಗಿ ಕೊಡಬೇಕು ಅನ್ನೋದು ದೊಡ್ಡ ಮಾತು, ಇಲ್ಲೇ ವಾದ್ಯ ಉಳೀತದ ಇಲ್ಲಾ ಹೋಗ್ತದ.

ಬಡಿಗೇರ ಮನಿ ಮುಂದೇ ಸಿಗ್ತಾರ, ಸಸ್ತಾ. ದಿಲ್ಲಿ ಪೇಟಿ ಮೂಲಿ ಬಿಟ್ಟಿತ್ತು, ಅದನ್ನ ಆಳಂದ ರಸ್ತಾದ ಒಬ್ಬ ಬಡಿಗೇರ ಅಣ್ಣಾಗ ಕೊಟ್ಟೆ, ಎದುರು ಕುಂತು ಮಾಡಿಸಿದೆ, ಹೊರಗಿನ ಡಬ್ಬಿ ಕೆಲಸ ಅವನ ಹಂಗ ಪೇಟಿ ರಿಪೇರಿ ಮಾಡೋರೂ ಮಾಡಂಗಿಲ್ಲ ಅನ್ನೋವಷ್ಟು ಸಫಾಯಿ. ಆದ್ರ ಮೊಳಿ ಬಡೀಬ್ಯಾಡ, ಸ್ಕ್ರೂ ಹೊಸಾ ತೂತಿನಾಗ ಹಾಕಬ್ಯಾಡ ಅಂತ ಮೊದಲೇ ಹೇಳಬೇಕು, ಮತ್ತ ರೀಡಿನ ಹಲಗಿ ತಗದು ಮನಿಯಾಗ ಇಟ್ಟೇ ಡಬ್ಬಿ ಒಯ್ಯಬೇಕು, ಯಾಕಂದ್ರ ಉಸುಕಿನ ಕಾಗದ ಹಾಕಿ ತಿಕ್ಕಿದಾಗ ಹಾರೋ ಪುಡಿ ರೀಡಿನ ನಾಲಿಗಿಯಾಗ ಹೋಗಿ ಕುಂತ್ರ ಆ ಸ್ವರ ಮೂಕ ಆಗ್ತದ. ಭಾತಾದ ಮಾತು ಬಂದಾಗ ಆ ಅಣ್ಣನೇ ಇದು ನನ್ನ ಕೆಲಸ ಅಲ್ರಿ ಅಂದ, ಹಂಗ ಅನ್ನೋ ಮನುಷ್ಯಾನ ಮ್ಯಾಲ ನನಗ ಭಾಳ ಗೌರವ.

ಭಾತಾ, ಮನಿ, ಕಪ್ಲರ್ ತಂತಿ (ಒಂದು ಮನಿ ಒತ್ತಿದ್ರ ಅದರ ಜೋಡಿ ಸ್ವರದ ಮನಿನೂ ಒತ್ತೋದು), ಇವು ಪೇಟಿ ರಿಪೇರಿ ಮಾಡೋರ ಕೆಲಸ. ನಾ ಕೊಟ್ಟ ಕಾಕಾ ಮೊದಲು ಭಾತಾ ತುಂಬಿ ಒಂದೂ ಮನಿ ಒತ್ತದೇ ಬಿಟ್ಟು ನೋಡಿದ್ರು, ಛಲೋ ಪೇಟಿಯಾಗ ಗಾಳಿ ನಿಧಾನಕ ಇಳೀತದ, ಇದರಾಗ ಸರಕ್ಕನ ಇಳೀತು. ಆಮ್ಯಾಲ ಊದಿನಕಡ್ಡಿ ಹಚ್ಚಿ ಸ್ವಲ್ಪ ದೂರ ಹಿಡದು ಜೋಡಣಿ ಗುಂಟ ಒಯ್ದ್ರು, ಎಲ್ಲಿ ಗಾಳಿ ಸೋರ್ತದ ಅಲ್ಲಿ ಹೊಗಿ ಅಲುಗಾಡ್ತದ. ಹೊರಗಿನ ಭಾತಾ ಮಡಿಕಿಯಾಗ ಹರದಿತ್ತು, ಒಳಗಿನದು ಸರಿ ಇತ್ತು, ಬರೀ ಹರದ ಮಡಿಕಿಗಿ ಹೊಸಾ ಬಟ್ಟಿ, ತೊಗಲು ಹಾಕಿ ಮುಗಸಿದ್ರು. ಮೂಕ ಆದ ಸ್ವರಗಳಿಗಿ ರೀಡು ಬದಲಿ ಮಾಡಲಿಲ್ಲ, ಜಗ್ಗಿದ ನಾಲಿಗಿನ ನಡಬರಕ ತಂದು ಕೂಡಿಸಿದ್ರು, ದನಿ ಬಂತು. ಶ್ರುತಿ ಸ್ವಲ್ಪ ಆ ಕಡಿ ಈ ಕಡಿ ಆಗಿತ್ತು, ನಾಲಿಗಿ ತುದಿ ಕೆರದ್ರ ಸ್ವರ ಏರ್ತದ, ಬುಡ ಕೆರದ್ರ ಇಳೀತದ, ಕೆರದ ಹಿತ್ತಾಳಿ ಮತ್ತ ಹುಟ್ಟಂಗಿಲ್ಲ, ಅದಕ್ಕ ಎಷ್ಟು ಕಮ್ಮಿ ಮುಟ್ಟತಾರ ಅಷ್ಟು ಛಲೋ ಕೈ ಅಂತ ತಿಳಕೋಬೇಕು. ಬಂದ ಕೂಡ್ಲೇ ಪೂರಾ ರೀಡ್ ಸೆಟ್ ಬದಲಿ ಮಾಡೋಣ ಅನ್ನೋರ ಕಡಿ ಪೇಟಿ ಬಿಡಬ್ಯಾಡ್ರಿ. ಹಳೆ ಪೇಟಿಯ ಜೀವ ಅದರ ರೀಡಿನಾಗ ಅದ, ಕೊಡೋಕಿಂತ ಮೊದಲು ರೀಡಿನ ಸಾಲಿನ ಫೋಟೋ ತಗದು ಇಟ್ಕೋಬೇಕು. ಬಡಿಗೇರ ಅಣ್ಣಾ, ಪೇಟಿ ಕಾಕಾ ಇಬ್ಬರದೂ ಕೂಡಿ ನಾಲ್ಕು ಸಾವಿರದ ಒಳಗೇ ಆಯ್ತು, ಅದರಾಗ ಅರ್ಧಾ ದಿಲ್ಲಿಯವರದು.

ಮನಿಯಾಗೇ ಮಾಡಿಕೊಳ್ಳೋದು? ಶ್ರಾವಣದಾಗ ದಿನಾ ಭಜನಿ ಇತ್ತು, ಕಾಕಾನ ಪಾಳಿ ಬರೋ ತನಕಾ ಹರದ ಮಡಿಕಿಗಿ ತೆಳು ಬಟ್ಟಿ ಅಂಟಿಸಿ ನಡಸಿದೆ, ನಡೀತು. ಅಷ್ಟಕ್ಕ ಅದು ಸರಿ, ಅದಕ್ಕ ಮುಂದ ಹೋಗಬಾರದು.

ತಂಬೂರಿದು ಪೂರಾ ಬ್ಯಾರೆ ಮಾತು. ತುಂಬಾ ಅಂದ್ರ ಒಣಗಿದ ಕಾಯಿ, ತೆಳು, ಕೆಳಗ ಕೈಯಗಲ ಸೀಳಿತ್ತು, ಒಂದು ಚೂರು ಒಳಗ ಬಿದ್ದಿತ್ತು. ತಬ್ಲಿ (ತುಂಬಾದ ಮ್ಯಾಲ ಮುಚ್ಚಿದ ಹಲಗಿ), ದಾಂಡಿ (ಉದ್ದನ ಕಟ್ಟಿಗಿ ಕೋಲು) ಎರಡೂ ಸರಿ ಇದ್ವು, ದಾಂಡಿ ಕೂಡೋ ಜಾಗಾನೂ ಗಟ್ಟಿ ಇತ್ತು. ಊರಾಗ ಕೇಳಿದ್ರ ಎಂ-ಸೀಲ್ ಹಾಕಿ ಮುಚ್ಚತೀವಿ ಅಂದೋರೂ ಸಿಕ್ಕ್ರು, ನಾ ಕೊಡಲಿಲ್ಲ. ಕಾಯಿ ಹವಾಕ ಹಿಗ್ಗತದ ಕುಗ್ಗತದ, ಕಲ್ಲಿನಂಥಾ ಎಂ-ಸೀಲ್ ಹಂಗ ಆಗಂಗಿಲ್ಲ, ನಮ್ಮ ಕಡಿ ಏಪ್ರಿಲ್-ಮೇ ಬಿಸಲಿನಾಗ ಅದರ ಬಾಜೂಕೇ ಹೊಸಾ ಸೀಳು ಬೀಳತದ. ಮಹಾರಾಷ್ಟ್ರದ ಮಿರಜಕ್ಕ ಒಯ್ದೆ. ಅಲ್ಲಿ ತಲಿತಲಾಂತರದಿಂದ ತಂಬೂರಿ, ಸಿತಾರ ಮಾಡೋ ಮನಿತನ ಅವ, 2024ರಾಗ ಮಿರಜದ ಸಿತಾರಕ್ಕ, ತಾನಪುರಾಕ್ಕ (ತಂಬೂರಿ) ಜಿಐ ಟ್ಯಾಗೂ, ಅಂದ್ರ ಇದು ಈ ಊರಿನದೇ ಅನ್ನೋ ಸರಕಾರದ ಗುರುತೂ ಸಿಕ್ಕದ, ಆ ಕಾಯಿ ಬೆಳೆಯೋದು ಪಂಢರಪುರದ ಕಡಿ, ನಮ್ಮ ಭೀಮಾ ಹೊಳಿ ದಂಡಿಗೇ. ಅವರು ಚೂರು ಎಲ್ಲಾ ಜೋಡಿಸಿ, ಒಳಗಿಂದ ಬಟ್ಟಿ ಅಂಟಿಸಿ, ಹೊರಗ ಬಣ್ಣ ಕೂಡಿಸಿದ್ರು, ಚೂರು ಕೂಡಿಟ್ಟಿದ್ದಕ್ಕೇ ಕಾಯಿ ಬದಲಿ ಮಾಡೋದು ತಪ್ಪಿತು, ಇಲ್ಲಾಂದ್ರ ಖರ್ಚು ಎಲ್ಲಿಗೋ ಹೋಗ್ತಿತ್ತು. ಅದರ ಜೋಡಿ ಜವಾರಿನೂ ತಗದು ಕೊಟ್ರು, ಅಂದ್ರ ತಂತಿ ಝೇಂಕರಿಸೋ ಹಂಗ ತಂತಿ ಕೂಡೋ ಘೋಡಿಯ ಮ್ಯಾಲಿನ ಮುಖ ತಿದ್ದಿದ್ರು. 5,500 ಆಯ್ತು, ಬಿಲ್ ಕೊಟ್ರು, ಆ ಬಿಲ್ಲೇ ಕ್ಲೇಮಿಗಿ ಹೋಯ್ತು. ತಂಬೂರಿ ಈಗ ಬಂದಾಗಿನಕಿಂತ ತುಂಬಿ ನುಡೀತದ, ಅದು ಜವಾರಿಯಿಂದ, ಸೀಳು ಮುಚ್ಚಿದ್ದರಿಂದ ದನಿ ಏನೂ ಕಮ್ಮಿ ಆಗಿಲ್ಲ.

ಮಿರಜದ ಹಾದಿ ದೂರ, ಪೇಟಿಗಿ ಅಷ್ಟು ದೂರ ಹೋಗೋ ಗರಜು ಇಲ್ಲ, ತಂಬೂರಿಗಿ ಅದ. ಕಲಬುರಗಿ ಸ್ಟೇಷನ್ನಿನಿಂದ ಸೋಲಾಪುರ, ಕುರ್ಡುವಾಡಿ, ಪಂಢರಪುರ ಮ್ಯಾಲ ರೈಲಿನಾಗ ಹೋಗಬಹುದು, ಯಾದಗಿರಿಯವರಿಗೂ ಸೋಲಾಪುರದ ತನಕಾ ಇದೇ ಲೈನ್. ಬೀದರಿನವರಿಗಿ ಹೈದರಾಬಾದ್ ಹತ್ತರ, ಪೇಟಿ ತಬಲಾ ಆದ್ರ ಮೊದಲು ಅಲ್ಲಿ ತೋರಸ್ರಿ. ಯಾವ ಕಡಿ ಹೋದ್ರೂ ರಿಪೇರಿ ಆದದ್ದನ್ನ ಮತ್ತ ಪಾರ್ಸೆಲ್ ಹಾಕಸಬ್ಯಾಡ್ರಿ, ತಂತಿ ಸಡಲ ಮಾಡಿ, ಘೋಡಿ ಕೆಳಗ ಬಟ್ಟಿ ಇಟ್ಟು ಕಟ್ಟಿ, ತುಂಬಾ ತೊಡಿ ಮ್ಯಾಲ ಬರೋ ಹಂಗ ಕೈಯಾಗೇ ಹಿಡಕೊಂಡು ಬರ್ರಿ, ಸೀಟಿನ ಕೆಳಗ ತಳ್ಳಬ್ಯಾಡ್ರಿ.