ಕಾರಿನ ಬಾಗಿಲ ಕೊಂಡಿಗೆ ಸಿಕ್ಕಿಸುವ ಕೈಹಿಡಿಕೆ: ಇಳಿಯಲು ಸೈ, ಹತ್ತಲು ಸಾಲದು

ಬೊಲೆರೊದಂಥ ಎತ್ತರದ ಗಾಡಿಯಿಂದ ಇಳಿಯಲು ಮಂಡಿನೋವಿನವರಿಗೆ ಇದು ನಿಜವಾದ ಆಸರೆ. ಬಾಗಿಲು ತೆರೆದಾಗ, ಅದು ಬಂದು ಕೂರುವ ಗಾಡಿಯ ಕಂಬದಲ್ಲಿ ಕಾಣುವ ಯು ಆಕಾರದ ಕಬ್ಬಿಣದ ಕೊಂಡಿಯೊಳಗೆ ಹಿಡಿಕೆಯ ತುದಿಯನ್ನು ಪೂರ್ತಿ ತೂರಿಸಬೇಕು. ಅರ್ಧ ಕೂತರೆ ಭಾರ ಬಿದ್ದೊಡನೆ ಜಾರುತ್ತದೆ. ಕೆಲವು ಹಳೇ ಗಾಡಿಗಳಲ್ಲಿ ಕೊಂಡಿಯ ಬದಲು ಬರೀ ಗೂಟವಿರುತ್ತದೆ, ಅದಕ್ಕೆ ಇದು ಕೂರುವುದೇ ಇಲ್ಲ.

ಮುಂದಿನ ಎಡಸೀಟಿನವರು ಅಂಚಿಗೆ ಸರಿದು, ಎರಡೂ ಕಾಲು ಹೊರಗೆ ತಿರುಗಿಸಿ, ಎಡಗೈಯಿಂದ ಹಿಡಿಕೆಯನ್ನು ಕೆಳಕ್ಕೆ ಒತ್ತಿ, ನೋವಿನ ಕಾಲನ್ನು ಮೊದಲು ನೆಲಕ್ಕಿಡಬೇಕು. ಬಾಗಿಲನ್ನು ಹಿಡಿಯಬೇಡಿ, ಅದು ಓಲಾಡುತ್ತದೆ. ಹತ್ತುವುದಕ್ಕೆ ರಬ್ಬರ್ ಪಾದದ ಅಗಲ ಮೆಟ್ಟಿಲು ಬೇಕೇ ಬೇಕು, ಆಗ ಗಟ್ಟಿ ಕಾಲು ಮೊದಲು. ಹಿಡಿಕೆ ತೆಗೆಯದೆ ಬಾಗಿಲು ಹಾಕಿದರೆ ಲಾಕ್ ಕೆಡುತ್ತದೆ.