ಕಾಲರ್ ಮೈಕ್‌ಗೆ ತಂತಿಯೇ ಇರಲಿ

ಮೊದಲೇ ಹೇಳಿಬಿಡುತ್ತೇನೆ, ನಾನು ತಂತಿಯ ಪಕ್ಷ. ಒಬ್ಬನೇ ಕ್ಯಾಮೆರಾ ಹೊತ್ತು ಸಾಕ್ಷ್ಯಚಿತ್ರ ಮಾಡುವವನಿಗೆ ಮಾತನಾಡುವವರ ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ರೆಕಾರ್ಡರ್, ಅದಕ್ಕೆ ಸಿಕ್ಕಿಸಿದ ತಂತಿಯ ಕಾಲರ್ ಮೈಕ್, ಇಷ್ಟಿದ್ದರೆ ಸಾಕು. ಈ ತೀರ್ಮಾನಕ್ಕೆ ಬರುವಷ್ಟರಲ್ಲಿ ಒಂದು ವೈರ್‌ಲೆಸ್ ಸೆಟ್ಟಿನ ದುಡ್ಡೂ ಒಂದು ಒಳ್ಳೆಯ ಮಾತೂ ಕೈಬಿಟ್ಟು ಹೋದವು.

ಚಿತ್ರ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರದು. ಅವರ ಅಂಗಡಿಯ ಮೂರು ಗೋಡೆಗಳಲ್ಲೂ ಗಡಿಯಾರಗಳು, ಒಂದೊಂದರದೂ ಒಂದೊಂದು ನಡೆ. ಆರಂಭದಲ್ಲಿ ನನ್ನ ಬಳಿ ಇದ್ದದ್ದು ಕ್ಯಾಮೆರಾದ ತಲೆಯ ಮೇಲೆ ಕೂರುವ ಶಾಟ್‌ಗನ್ ಮೈಕ್ ಒಂದೇ. ಅದು ಎತ್ತ ಮುಖ ಮಾಡಿದೆಯೋ ಅತ್ತಣ ದನಿಯನ್ನು ಹೆಚ್ಚು ಹಿಡಿಯುತ್ತದೆ ಎನ್ನುವುದು ನಿಜ, ಆದರೆ ದೂರವನ್ನು ಅಳಿಸಿಹಾಕುವುದಿಲ್ಲ. ದೂರ ದುಪ್ಪಟ್ಟಾದಾಗಲೆಲ್ಲ ಬಾಯಿಂದ ನೇರವಾಗಿ ಬರುವ ದನಿ 6 ಡೆಸಿಬಲ್ ಕುಗ್ಗುತ್ತದೆ. ಕಾಲರ್ ಮೈಕ್ ಬಾಯಿಂದ 20 ಸೆಂಟಿಮೀಟರ್ ದೂರದಲ್ಲಿದ್ದರೆ ನನ್ನ ಕ್ಯಾಮೆರಾ 2 ಮೀಟರ್ ದೂರದಲ್ಲಿ. ಅಲ್ಲಿಗೆ 20 ಡೆಸಿಬಲ್ ಹೋಯಿತು. ಹಿರಿಯರ ಮಾತೂ ಅವರ ಬೆನ್ನ ಹಿಂದಿನ ಟಿಕ್‌ಟಿಕ್ಕೂ ಒಂದೇ ಮಟ್ಟದಲ್ಲಿ ಬಂದು ಕೂತವು.

ಕೇಳುವುದಕ್ಕೆ ಅದು ಕೆಟ್ಟದಾಗಿರಲಿಲ್ಲ, ತೊಂದರೆ ಸಂಕಲನಕ್ಕೆ ಕೂತಾಗ ಗೊತ್ತಾಯಿತು. ಮಾತಿನ ನಡುವಿನ ಒಂದು 'ಅಂದರೆ'ಯನ್ನು ಕತ್ತರಿಸಿದರೆ ಅದರ ಹಿಂದಿನ ಟಿಕ್ ಕೂಡ ಹೋಗುತ್ತದೆ. ಗೋಡೆಯ ಮೇಲಿನ ಗಡಿಯಾರ ಒಂದು ಹೆಜ್ಜೆ ಎಡವಿದ ಹಾಗೆ ಕೇಳಿಸುತ್ತದೆ. ಮಾತನ್ನು ಕತ್ತರಿಸಿದ್ದು ಯಾರಿಗೂ ಗೊತ್ತಾಗದಿದ್ದರೂ ಗಡಿಯಾರ ಚಾಡಿ ಹೇಳಿಬಿಡುತ್ತದೆ. ಈಗ ಶಾಟ್‌ಗನ್ ಅನ್ನು ಸುತ್ತಲಿನ ಸದ್ದಿಗೆ ಮಾತ್ರ ಬಳಸುತ್ತೇನೆ. ಯಾರೂ ಮಾತನಾಡದೆ ಇದ್ದಾಗ ಐದು ನಿಮಿಷದ ಟಿಕ್‌ಟಿಕ್ ಹಿಡಿದಿಟ್ಟುಕೊಂಡು, ಕಾಲರ್ ಮೈಕಿನ ಮಾತಿನ ಕೆಳಗೆ ತುಂಡಿಲ್ಲದೆ ಹಾಸುತ್ತೇನೆ.

ಮುಂದಿನದು ವೈರ್‌ಲೆಸ್. ಕೊಂಡ ಮೊದಲ ವಾರ ಅದನ್ನು ಹೊಗಳಿದಷ್ಟು ನಾನು ಇನ್ಯಾವ ಉಪಕರಣವನ್ನೂ ಹೊಗಳಿಲ್ಲ. ದನಿ ನೇರವಾಗಿ ಕ್ಯಾಮೆರಾಕ್ಕೇ ಹೋಗುತ್ತದೆ, ಚಿತ್ರ ಮತ್ತು ಶಬ್ದ ಒಂದೇ ಕಡತದಲ್ಲಿ, ಹೊಂದಿಸುವ ಗೋಜೇ ಇಲ್ಲ. ಅಂಗಡಿಯೊಳಗೆ ಎಲ್ಲವೂ ಸರಿಯಾಗಿತ್ತು. ಒಂದು ದಿನ ಹಿರಿಯರು ರಿಪೇರಿ ಮುಗಿದ ಗೋಡೆ ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿ ಗಿರಾಕಿಯ ಮನೆಗೆ ಕೊಡಲು ಹೊರಟರು. ನಾನು ಹಿಂದಿನಿಂದ ಚಿತ್ರೀಕರಿಸುತ್ತಾ ನಡೆದೆ. ಟ್ರಾನ್ಸ್‌ಮಿಟರ್ ಅವರ ಎದೆಯ ಮೇಲೆ, ರಿಸೀವರ್ ಬೆನ್ನ ಹಿಂದೆ ನನ್ನ ಕೈಯಲ್ಲಿ, ನಡುವೆ ಅವರ ಮೈ. ಇಂಥ ಅಗ್ಗದ ಸೆಟ್ಟುಗಳು ಬಹುತೇಕ 2.4 ಗಿಗಾಹರ್ಟ್ಸ್ ತರಂಗದಲ್ಲಿ ಕೆಲಸ ಮಾಡುತ್ತವೆ. ಆ ತರಂಗವನ್ನು ನೀರು ತುಂಬಿದ ಮನುಷ್ಯದೇಹ ಚೆನ್ನಾಗಿಯೇ ಹೀರಿಕೊಳ್ಳುತ್ತದೆ. ಸಾಲದ್ದಕ್ಕೆ ವೈಫೈ, ಬ್ಲೂಟೂತ್ ಕೂಡ ಅದೇ ದಾರಿಯಲ್ಲಿ ಓಡಾಡುವುದರಿಂದ ಬೀದಿಗಿಳಿದರೆ ಜನಜಂಗುಳಿ.

ಹೆಡ್‌ಫೋನ್ ಹಾಕಿಕೊಂಡಿದ್ದರೆ ಅಲ್ಲಿಯೇ ತಿಳಿಯುತ್ತಿತ್ತು. ಹಾಕಿಕೊಂಡಿರಲಿಲ್ಲ. ಮಾತನಾಡುತ್ತಾ ನಡೆಯುವವರ ಎದುರು ಕಿವಿ ಮುಚ್ಚಿಕೊಂಡು ನಡೆಯಲು ನನಗೆ ಸಂಕೋಚ. ಕಚ್ಚಾ ಸಂಕಲನವನ್ನು ಹದಿನೈದು ಜನ ಗೆಳೆಯರಿಗೆ ಗೋಡೆಯ ಮೇಲೆ ಬಿಟ್ಟು ತೋರಿಸಿದೆ. ಕತ್ತಲೆಯ ದೃಶ್ಯಗಳನ್ನು, ಅಲುಗಾಡಿದ ಚೌಕಟ್ಟುಗಳನ್ನು ಅವರು ತುಟಿಪಿಟಿಕ್ಕೆನ್ನದೆ ನೋಡಿದರು. ಅಂಗಡಿಯನ್ನು ಏಕೆ ಮಾರಲಿಲ್ಲ ಎಂದು ಹಿರಿಯರು ನಡೆಯುತ್ತಾ ಹೇಳುವ ಜಾಗಕ್ಕೆ ಬಂದಾಗ ದನಿ ತುಂಡುತುಂಡಾಗಿ ಉದುರಿತು, ಹದಿನೈದು ತಲೆಗಳೂ ಸ್ಪೀಕರಿನ ಕಡೆಗೆ ತಿರುಗಿದವು. ಮರುದಿನ ಹೋಗಿ ಇನ್ನೊಮ್ಮೆ ಹೇಳಿ ಎಂದು ಕೇಳಿಕೊಂಡೆ. ಪಾಪ, ಹೇಳಿದರು. ಪದ ಒಂದೂ ತಪ್ಪಲಿಲ್ಲ, ಆದರೆ ಪಾಠ ಒಪ್ಪಿಸಿದ ಹಾಗಿತ್ತು. ಆ ದೃಶ್ಯವನ್ನು ಚಿತ್ರದಿಂದಲೇ ತೆಗೆದುಬಿಟ್ಟೆ.

ಟ್ರಾನ್ಸ್‌ಮಿಟರಿನೊಳಗೇ ಧ್ವನಿಮುದ್ರಿಸಿಕೊಳ್ಳುವ ಸೆಟ್ಟುಗಳೂ ಇವೆ. ನನ್ನದು ಆ ಜಾತಿಯದಲ್ಲ. ಇನ್ನೊಂದು ಸಣ್ಣ ದೂರು: ಎದೆಯ ಮೇಲೆ ಮಿಣುಕುವ ದೀಪವನ್ನು ಮಾತನಾಡುವವರು ಬಗ್ಗಿ ಬಗ್ಗಿ ನೋಡುತ್ತಾರೆ.

ಆಮೇಲೆ ಬಂದದ್ದು ರೆಕಾರ್ಡರ್. ವೈರ್‌ಲೆಸ್‌ಗೆ ಕೊಟ್ಟ ದುಡ್ಡಿನ ಅರ್ಧದೊಳಗೆ ಮೈಕೂ ಸೇರಿ ಬಂತು. ತೀರ ಸಣ್ಣ ದನಿಯನ್ನೂ ತೀರ ದೊಡ್ಡ ದನಿಯನ್ನೂ ಕೆಡದಂತೆ ಹಿಡಿಯುವ 32 ಬಿಟ್ ಫ್ಲೋಟ್ ಎಂಬ ವಿಧಾನದಲ್ಲಿ ಮುದ್ರಿಸುವುದರಿಂದ ಮಟ್ಟ ಹೊಂದಿಸುವ ಕೆಲಸವಿಲ್ಲ, ಪಿಸುಮಾತನ್ನೂ ಗಹಗಹಿಸಿ ನಗುವುದನ್ನೂ ಆಮೇಲೆ ಸರಿಪಡಿಸಿಕೊಳ್ಳಬಹುದು. ತಂತಿ ಅಂಗಿಗೆ ಉಜ್ಜಿದರೆ ಗರಗರ ಎನ್ನುತ್ತದೆ, ಒಂದು ಸುತ್ತು ಸಡಿಲ ಬಿಟ್ಟು ಟೇಪು ಹಚ್ಚಿದರೆ ಮುಗಿಯಿತು.

ಮುಗಿಯದ ತೊಂದರೆ ಬೇರೆ. ಚಿತ್ರ ಕ್ಯಾಮೆರಾದಲ್ಲಿ, ಶಬ್ದ ಜೇಬಿನಲ್ಲಿ. ಎರಡನ್ನೂ ಹೊಂದಿಸಲು ಆರಂಭದಲ್ಲಿ ಒಂದು ಚಪ್ಪಾಳೆ ತಟ್ಟುತ್ತೇನೆ. ಅಂಗೈಗಳು ಕೂಡಿದ ಫ್ರೇಮಿಗೆ ಶಬ್ದದ ಮೊನೆಯನ್ನು ತಂದು ಕೂರಿಸಿದರೆ ಸರಿಹೋಗಬೇಕು. ಮೊದಲ ಉದ್ದದ ಸಂದರ್ಶನ 48 ನಿಮಿಷದ್ದು. ಮೊದಲರ್ಧ ಚೊಕ್ಕವಾಗಿತ್ತು. ಅಲ್ಲಿಂದ ಮುಂದೆ ಏನೋ ಸರಿಯಿಲ್ಲ, ಏನು ಎಂದು ಬೊಟ್ಟು ಮಾಡಲಾಗದು. ಕೊನೆಯ ಹೊತ್ತಿಗೆ ಸ್ಪಷ್ಟವಾಯಿತು: ತುಟಿ ಮುಚ್ಚಿದ ಮೇಲೆ ಮಾತು ಮುಗಿಯುತ್ತಿತ್ತು.

ಮೊದಲು ತಂತ್ರಾಂಶವನ್ನು ಬೈದೆ. ಆಮೇಲೆ ರೆಕಾರ್ಡರ್ 48 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ ದನಿಯ 48 ಸಾವಿರ ಮಾದರಿ, ಅದರ ಬದಲು 44.1ರಲ್ಲಿ ಮುದ್ರಿಸಿತೇ ಎಂದು ನೋಡಿದೆ. ಹಾಗೆ ಮುದ್ರಿಸಿದ್ದನ್ನು 48 ಎಂದುಕೊಂಡು ಓಡಿಸಿದ್ದರೆ ಮೊದಲ ವಾಕ್ಯದಲ್ಲೇ ಎಡವಟ್ಟಾಗಿ ದನಿ ಕೀರಲಾಗುತ್ತಿತ್ತು, ಅದಲ್ಲ. ಎರಡನೇ ಕೋನಕ್ಕೆ ಇಟ್ಟಿದ್ದ ಮೊಬೈಲಿನದು ಬೇರೆಯೇ ಕಥೆ. ಅದು ಬೆಳಕು ಕಡಿಮೆಯಾದಾಗ ಫ್ರೇಮುಗಳ ವೇಗವನ್ನು ತಾನೇ ಬದಲಿಸುತ್ತದೆ, ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಹಾಕಿ ಸ್ಥಿರ ವೇಗಕ್ಕೆ ತಂದುಕೊಳ್ಳಬೇಕಾಯಿತು. ಮುಖ್ಯ ಕ್ಯಾಮೆರಾದಲ್ಲಿ ಆ ದೋಷವೂ ಇರಲಿಲ್ಲ. ಎಣಿಸಿದೆ: 48 ನಿಮಿಷದ ಕೊನೆಗೆ ಸರಿಯಾಗಿ 3 ಫ್ರೇಮು. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ 120 ಮಿಲಿಸೆಕೆಂಡು.

ಕಾರಣವನ್ನು ಬಿಡಿಸಿದವರು ಹಿರಿಯರೇ. ಎರಡು ಯಂತ್ರ ಬೇರೆ ಬೇರೆ ನಡೆಯುತ್ತಿವೆ ಎಂದು ಹೇಳಿದ್ದೇ ತಡ, ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಕೇಳಿದರು: "ದಿನಕ್ಕೆ ಎಷ್ಟು ಓಡುತ್ತದೆ?" ಅಲ್ಲೇ ಲೆಕ್ಕ ಹಾಕಿದೆ. ದಿನವೆಂದರೆ 48 ನಿಮಿಷದ ಮೂವತ್ತು ತುಂಡು, ಹಾಗಾಗಿ 3.6 ಸೆಕೆಂಡು.

"ಕೀ ಕೊಡುವ ವಾಚಾಗಿದ್ದರೆ ನಾನು ಅದನ್ನು ಮುಟ್ಟುತ್ತಲೇ ಇರಲಿಲ್ಲ" ಎಂದರು. "ಕ್ವಾರ್ಟ್ಜ್ ಆಗಿದ್ದರೆ ಗಿರಾಕಿ ವಾಪಸ್ ತಂದಿರುತ್ತಿದ್ದರು."

ಅವರ ಮಾತು ಸರಿ. ಸ್ವಿಟ್ಜರ್‌ಲೆಂಡಿನಲ್ಲಿ ಕ್ರೋನೋಮೀಟರ್ ಎಂಬ ಪ್ರಮಾಣಪತ್ರ ಪಡೆಯುವ ಕೀ ವಾಚಿಗೂ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಹೋಗುವ ಸಡಿಲಿಕೆ ಇದೆ. ಕ್ಯಾಮೆರಾದಲ್ಲೂ ರೆಕಾರ್ಡರಿನಲ್ಲೂ ಕಾಲ ಎಣಿಸಲು ಇರುವುದು ಕ್ವಾರ್ಟ್ಜ್ ಹರಳೇ. ಹರಳು ಅಗ್ಗದ್ದಾದಷ್ಟೂ, ಕಾವು ಏರಿಳಿದಷ್ಟೂ ಅದರ ಲೆಕ್ಕ ಜಾರುತ್ತದೆ. ಎರಡರಲ್ಲಿ ಯಾವುದು ತಪ್ಪಿತಸ್ಥ ಎಂದು ನನಗೆ ಇಂದಿಗೂ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ.

ಇದು ಹಳೆಯ ರೋಗ. 1960ರ ಆಸುಪಾಸಿನಲ್ಲಿ ಸಾಕ್ಷ್ಯಚಿತ್ರಕಾರ ರಿಚರ್ಡ್ ಲೀಕಾಕ್ ಮತ್ತು ಸಂಗಡಿಗರು ಹೆಗಲ ಮೇಲಿನ ಕ್ಯಾಮೆರಾವನ್ನೂ ಟೇಪ್ ರೆಕಾರ್ಡರನ್ನೂ ತಂತಿಯಿಲ್ಲದೆ ಒಂದೇ ನಡೆಗೆ ತರಲು ಬುಲೋವಾ ಅಕ್ಯುಟ್ರಾನ್ ಕೈಗಡಿಯಾರದ ಶ್ರುತಿಕವೆಯ ಮೊರೆಹೋಗಿದ್ದರು. ಸೆಕೆಂಡಿಗೆ 360 ಬಾರಿ ಕಂಪಿಸುವ ಪುಟ್ಟ ಕವೆ ಅದು. ಹಿರಿಯರಿಗೆ ಹೇಳಿದಾಗ ಸಿನಿಮಾದ ವಿಷಯ ಅವರನ್ನು ತಟ್ಟಲಿಲ್ಲ. "ಅದು ಟಿಕ್ ಎನ್ನುವುದಿಲ್ಲ, ಕಿವಿಗೆ ಹಿಡಿದರೆ ಗುಂಯ್ ಎನ್ನುತ್ತದೆ" ಎಂದು ಹೇಳಿ ಕೆಲಸ ಮುಂದುವರಿಸಿದರು.

ಪರಿಹಾರ? ಶಬ್ದದ ವೇಗವನ್ನು ಶೇಕಡಾ 100.004ಕ್ಕೆ ಏರಿಸಿದರೆ ಸಾಕಿತ್ತು. ನನ್ನ ತಂತ್ರಾಂಶದ ವೇಗದ ಪೆಟ್ಟಿಗೆ ದಶಾಂಶದ ನಂತರ ಎರಡೇ ಅಂಕಿ ಒಪ್ಪುತ್ತದೆ, 100.004 ಎಂದು ಬರೆದರೆ 100.00 ಎಂದು ತಿದ್ದಿ ನನ್ನ ಮುಖ ನೋಡುತ್ತದೆ. ಹಾಗಾಗಿ ಮೋಟು ದಾರಿ ಹಿಡಿದೆ. ಒಂದು ಫ್ರೇಮು ಜಾರಲು 16 ನಿಮಿಷ ಬೇಕು. ಅಷ್ಟರೊಳಗೆ ಯಾರಾದರೂ ಉಸಿರೆಳೆದುಕೊಳ್ಳಲು ನಿಲ್ಲುತ್ತಾರೆ. ಆ ಮೌನದಲ್ಲಿ ಶಬ್ದವನ್ನು ತುಂಡರಿಸಿ ಒಂದು ಫ್ರೇಮು ಹಿಂದಕ್ಕೆ ಸರಿಸುತ್ತೇನೆ. ಸಂದರ್ಶನದ ಕೊನೆಗೂ ಒಂದು ಚಪ್ಪಾಳೆ ತಟ್ಟಿದರೆ ಒಟ್ಟು ಎಷ್ಟು ಜಾರಿದೆ ಎಂದು ಸಿಗುತ್ತದೆ. ಆ ಕೊನೆಯ ಚಪ್ಪಾಳೆ ನನಗೆ ಮೂರರಲ್ಲಿ ಎರಡು ಸಲ ಮರೆತುಹೋಗುತ್ತದೆ.

ರೆಕಾರ್ಡರ್ ಜೇಬಿನಲ್ಲಿದ್ದಾಗ ಅದು ಓಡುತ್ತಿದೆಯೋ ಇಲ್ಲವೋ ಕಾಣುವುದಿಲ್ಲ, ಅದನ್ನು ಒಪ್ಪುತ್ತೇನೆ. ಆರಂಭದಲ್ಲಿ ಕೆಂಪು ದೀಪ ನೋಡಿ ಗುಂಡಿಗೆ ಬೀಗ ಹಾಕಿದರೆ ಮುಂದಿನದು ಅದರ ಪಾಡಿಗೆ ನಡೆಯುತ್ತದೆ. ಅದು ನಿಂತರೂ ಕ್ಯಾಮೆರಾದ ಸ್ವಂತ ಮೈಕಿನ ಪೇಲವ ದನಿಯಾದರೂ ಉಳಿದಿರುತ್ತದೆ. ಒಬ್ಬನೇ ಹೋಗುವ, ಹೆಡ್‌ಫೋನ್ ಹಾಕಿಕೊಳ್ಳದ, ಆದರೆ ರಾತ್ರಿ ಸಂಕಲನದಲ್ಲಿ ಎರಡು ಗಂಟೆ ಹೆಚ್ಚು ಕೂರಲು ಬೇಸರವಿಲ್ಲದ ನನ್ನಂಥವನಿಗೆ ಜಾರಿದ ಶಬ್ದ ದೊಡ್ಡದಲ್ಲ, ಮುದ್ರಣವೇ ಆಗದ ಶಬ್ದ ದೊಡ್ಡದು. ಇಬ್ಬರಿದ್ದು, ಒಬ್ಬರ ಕಿವಿ ಸದಾ ದನಿಯ ಮೇಲಿದ್ದರೆ ಲೆಕ್ಕ ಬೇರೆ. ನನ್ನ ವೈರ್‌ಲೆಸ್ ಸೆಟ್ಟು ಈಗ ಅಂಥದೇ ಜೋಡಿಯೊಂದರ ಬಳಿ ಇದೆ, ಅವರಿಗೆ ಅದರಿಂದ ಒಂದೂ ದೂರಿಲ್ಲ. ಗಾಳಿ ತಡೆಯುವ ತುಪ್ಪಳದ ಟೊಪ್ಪಿಯನ್ನು ಮಾತ್ರ ನಾನು ಕೊಡಲಿಲ್ಲ. ಅದು ತಂತಿಯ ಮೈಕಿಗೂ ಸರಿಯಾಗಿ ಕೂರುತ್ತದೆ.