ಓದುವ ಮೊದಲೇ ಅಳಿಸುವ ಸ್ಕ್ರಿಪ್ಟ್: ಡಿಎಸ್1921ಜಿ ಲಾಗರ್ ಬಳಸುವವರು ಗಮನಿಸಿ

ಲಸಿಕೆ ಫ್ರಿಜ್‌ನಲ್ಲಿಟ್ಟಿದ್ದ ಡಿಎಸ್1921ಜಿ ಐಬಟನ್‌ಗಳಿಂದ (ತಾಪಮಾನವನ್ನು ತಾವೇ ಅಳೆದು ದಾಖಲಿಸುವ ಗುಂಡಿಯಾಕಾರದ ಲಾಗರ್‌ಗಳು) ಎರಡು ವಾರದ ತಾಪಮಾನ ಇಳಿಸಿಕೊಳ್ಳಲು ಹೋದರೆ ಕೈಗೆ ಸಿಕ್ಕಿದ್ದು ಸೊನ್ನೆ ಬೈಟ್‌ನ ಫೈಲುಗಳು. ಬಟನ್ ಕೆಟ್ಟಿರಲಿಲ್ಲ, ಬ್ಯಾಟರಿಯೂ ಸರಿಯಿತ್ತು. ದಾಖಲೆ ಅಳಿಸಿದ್ದು ಅದನ್ನು ಇಳಿಸಿಕೊಳ್ಳಬೇಕಿದ್ದ ಶೆಲ್ ಸ್ಕ್ರಿಪ್ಟೇ (ಕಂಪ್ಯೂಟರ್‌ಗೆ ಸಾಲಾಗಿ ಆಜ್ಞೆ ಕೊಡುವ ಫೈಲ್). ಇಂಥ ಸ್ಕ್ರಿಪ್ಟ್ ನಿಮ್ಮಲ್ಲೂ ಇದ್ದರೆ ಇವತ್ತೇ ತೆರೆದು ನೋಡಿ.

ಅದರಲ್ಲಿ ಮುಖ್ಯವಾಗಿದ್ದುದು ಎರಡೇ ಸಾಲು. ಮೊದಲನೆಯದು ಓಡಬ್ಲ್ಯೂರೀಡ್‌ನಿಂದ (ಬಟನ್‌ಗಳೊಡನೆ ಮಾತಾಡುವ ಓಡಬ್ಲ್ಯೂಎಫ್‌ಎಸ್ ತಂತ್ರಾಂಶದ ಓದುವ ಆಜ್ಞೆ) ಲಾಗ್ ಓದಿ > ಚಿಹ್ನೆಯ ಮೂಲಕ ಫೈಲಿಗೆ ತುಂಬುತ್ತದೆ. ಎರಡನೆಯದು ಓಡಬ್ಲ್ಯೂರೈಟ್‌ನಿಂದ (ಅದರದೇ ಬರೆಯುವ ಆಜ್ಞೆ) ಈಸಿಸ್ಟಾರ್ಟ್ ಎಂಬ ಸೆಟ್ಟಿಂಗ್‌ಗೆ 10 ಎಂದು ಬರೆದು, ಹತ್ತು ನಿಮಿಷಕ್ಕೊಮ್ಮೆ ಅಳೆಯುವ ಹೊಸ ಮಿಷನ್ (ಅಳತೆಯ ಒಂದು ಸುತ್ತು) ಶುರು ಮಾಡುತ್ತದೆ. ಓದುವಾಗ 2048 ಬೈಟ್ ಬರಬೇಕು, ಅಂದರೆ 32 ಬೈಟಿನ 64 ಪುಟ. ಹೋಲ್ಡರ್‌ನಲ್ಲಿ ಬಟನ್ ಸ್ವಲ್ಪ ಸಡಿಲವಿದ್ದರೂ, ಅಂಚಿಗೆ ಕೊಳೆ ಹಿಡಿದಿದ್ದರೂ ಓದು ನಡುವೆಯೇ ತುಂಡಾಗುತ್ತದೆ. ಬರೆಯುವುದಕ್ಕೆ ಕೆಲವೇ ಬೈಟ್ ಸಾಕು, ಹಾಗಾಗಿ ಅದು ನಡೆದುಬಿಡುತ್ತದೆ. ಹೊಸ ಮಿಷನ್ ಶುರುವಾಗಬೇಕಾದರೆ ಈ ಚಿಪ್‌ನಲ್ಲಿ ಮೊದಲು ಮೆಮೊರಿ ಕ್ಲಿಯರ್ ಆಗಲೇಬೇಕು. ಹಳೆಯ ಮಿಷನ್ ಶುರುವಾದ ಸಮಯ, ಅಳತೆಗಳ ಎಣಿಕೆ ಎರಡೂ ಅಲ್ಲಿಗೆ ಸೊನ್ನೆ.

ಸ್ಕ್ರಿಪ್ಟ್‌ನಲ್ಲಿ ಪರೀಕ್ಷೆ ಇರಲಿಲ್ಲವೆಂದಲ್ಲ, ಇದ್ದದ್ದು ‘ಫೈಲ್ ಇದೆಯೇ’ ಎಂದು ನೋಡುವ -ಎಫ್. ಆದರೆ ಓಡಬ್ಲ್ಯೂರೀಡ್ ಓಡುವ ಮೊದಲೇ ಶೆಲ್ ಖಾಲಿ ಫೈಲ್ ಸೃಷ್ಟಿಸಿರುತ್ತದೆ, ಓದು ವಿಫಲವಾದರೂ ಫೈಲ್ ಇದ್ದೇ ಇರುತ್ತದೆ. ‘ಫೈಲಿನಲ್ಲಿ ಏನಾದರೂ ಇದೆಯೇ’ ಎಂದು ನೋಡುವ -ಎಸ್ ಹಾಕಿದರೆ ಖಾಲಿ ಫೈಲ್ ಸಿಕ್ಕಿಬೀಳುತ್ತದೆ, ಅಷ್ಟೇ. ಅದೂ ಸಾಲದು. ಮಿಷನ್ ವಿಭಾಗದ ಸ್ಯಾಂಪಲ್ಸ್ ಎಣಿಕೆ, ಅಂದರೆ ಎಷ್ಟು ಅಳತೆ ಆಗಿದೆ ಎಂಬುದನ್ನು ಓದಿ, ಫೈಲಿನಲ್ಲಿ ಅಷ್ಟೇ ಮೌಲ್ಯಗಳಿವೆಯೇ ಎಂದು ಲೆಕ್ಕ ಹಾಕಿ (ಎಣಿಕೆ 2048 ದಾಟಿದ್ದರೆ 2048 ಇರಬೇಕು). ಆಮೇಲೆ ಇನ್ನೊಮ್ಮೆ ಓದಿ ಎರಡನ್ನೂ ಹೋಲಿಸಿ. ಓಡಬ್ಲ್ಯೂಎಫ್‌ಎಸ್ ಕ್ಯಾಶ್ ಮಾಡುತ್ತದೆ (ಓದಿದ್ದನ್ನು ಸ್ವಲ್ಪ ಹೊತ್ತು ತನ್ನಲ್ಲೇ ಇಟ್ಟುಕೊಳ್ಳುತ್ತದೆ) ಎಂಬುದು ಇಲ್ಲಿ ನೆನಪಿರಲಿ. ಎರಡನೇ ಓದಿಗೆ ‘ಅನ್‌ಕ್ಯಾಶ್ಡ್’ ದಾರಿ ಕೊಡದಿದ್ದರೆ ಹಳೆಯ ಉತ್ತರವೇ ಮತ್ತೆ ಬಂದು, ಎರಡೂ ಒಂದೇ ಎಂದು ತೋರಬಹುದು. ಲಾಗ್ ಓದಲು ಮಿಷನ್ ನಿಲ್ಲಿಸಬೇಕಾಗಿಯೂ ಇಲ್ಲ. ಆದ್ದರಿಂದ ಓದುವ ಸ್ಕ್ರಿಪ್ಟನ್ನೂ ಹೊಸ ಮಿಷನ್ ಶುರು ಮಾಡುವ ಸ್ಕ್ರಿಪ್ಟನ್ನೂ ಬೇರೆ ಬೇರೆ ಇಡಿ, ಎರಡನೆಯದನ್ನು ಕ್ರಾನ್‌ಗೆ (ನಿಗದಿತ ಹೊತ್ತಿಗೆ ತಾನಾಗಿ ಓಡಿಸುವ ವ್ಯವಸ್ಥೆ) ಹಾಕಲೇಬೇಡಿ.

ಇನ್ನೊಂದು ಅಪಾಯ ರೋಲ್‌ಓವರ್. ಹತ್ತು ನಿಮಿಷಕ್ಕೊಂದರಂತೆ 2048 ಜಾಗ ತುಂಬಲು 14 ದಿನ 5 ಗಂಟೆ 20 ನಿಮಿಷ ಬೇಕು. ರೋಲ್‌ಓವರ್ ಬಂದ್ ಇದ್ದರೆ ಲಾಗ್ ಅಲ್ಲಿಗೆ ನಿಲ್ಲುತ್ತದೆ. ಆನ್ ಇದ್ದರೆ ಮೊದಲಿನಿಂದ ಮೇಲೆಯೇ ಬರೆಯುತ್ತಾ ಹೋಗುತ್ತದೆ. 20 ದಿನ ಬಿಟ್ಟು ತೆಗೆದರೆ ಎಣಿಕೆ 2880. ಮೊದಲ 832 ಅಳತೆಗಳು ಹೋಗಿವೆ, ಅವುಗಳ ಜಾಗದಲ್ಲಿ ತೀರಾ ಇತ್ತೀಚಿನವು ಕೂತಿವೆ. ಚಿಪ್ ಪ್ರತಿ ಅಳತೆಗೂ ಸಮಯ ಬರೆದಿಡುವುದಿಲ್ಲ, ಶುರುವಾದ ಸಮಯಕ್ಕೆ ಅಂತರ ಕೂಡಿಸುತ್ತಾ ಹೋಗುವುದು ನಮ್ಮ ಕೆಲಸ. ಮೆಮೊರಿಯನ್ನು ನೇರವಾಗಿ ಓದುವ ಸ್ಕ್ರಿಪ್ಟ್ ಇದನ್ನು ಗಮನಿಸದಿದ್ದರೆ, 16 ದಿನ ಕಳೆದ ಮೇಲೆ ಕರೆಂಟ್ ಹೋಗಿ ಫ್ರಿಜ್ ಬಿಸಿಯಾದದ್ದು ವರದಿಯಲ್ಲಿ ಎರಡನೇ ದಿನದ ಘಟನೆಯಾಗಿ ಬರುತ್ತದೆ. ಗ್ರಾಫ್ ನೋಡಿದರೆ ಅನುಮಾನವೇ ಬರದು, ಅದೇ ಭಯ. ಲಸಿಕೆಯ ಕೆಲಸಕ್ಕೆ ರೋಲ್‌ಓವರ್ ಬಂದ್ ಇಡಿ. 15 ನಿಮಿಷದ ಅಂತರ ಕೊಟ್ಟರೆ 21 ದಿನ 8 ಗಂಟೆ ಸಿಗುತ್ತದೆ.

ಮಿಷನ್ ಶುರು ಮಾಡುವ ಯಂತ್ರದ ಗಡಿಯಾರವನ್ನೂ ನೋಡಿಕೊಳ್ಳಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ 4 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಆರ್‌ಟಿಸಿ (ಕರೆಂಟ್ ಹೋದರೂ ಓಡುವ ಗಡಿಯಾರ) ಇಲ್ಲ, ನೆಟ್ ಇಲ್ಲದ ಕಡೆ ಸಮಯ ತಪ್ಪಿರುತ್ತದೆ. ಯುಟಿಸಿ (ಜಾಗತಿಕ ಪ್ರಮಾಣ ಸಮಯ), ಭಾರತೀಯ ಸಮಯ ಬೆರೆತರೆ ಐದೂವರೆ ಗಂಟೆ ಆಚೀಚೆ. ಓಡಬ್ಲ್ಯೂಎಫ್‌ಎಸ್‌ನ ಯುಡೇಟ್ ಕೊಡುವ ಯುನಿಕ್ಸ್ ಸೆಕೆಂಡುಗಳನ್ನೇ (1970ರ ಆರಂಭದಿಂದ ಯುಟಿಸಿಯಲ್ಲಿ ಎಣಿಸಿದವು) ಉಳಿಸಿಕೊಂಡರೆ ಈ ಗೊಂದಲವಿಲ್ಲ. ಬಟನ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಡಿಎಸ್9490ಆರ್ ಅಡಾಪ್ಟರ್ ಓಡಬ್ಲ್ಯೂಎಫ್‌ಎಸ್‌ಗೆ ಕಾಣದಿದ್ದರೆ ಲಿನಕ್ಸ್ ಕರ್ನಲ್‌ನ ಡಿಎಸ್2490 ಮಾಡ್ಯೂಲ್ ಅದನ್ನು ಹಿಡಿದಿದೆಯೇ ನೋಡಿ, ಹಿಡಿದಿದ್ದರೆ ಆ ಮಾಡ್ಯೂಲನ್ನು ಲೋಡ್ ಆಗದಂತೆ ಬ್ಲ್ಯಾಕ್‌ಲಿಸ್ಟ್ ಮಾಡಿ.

ಡಿಎಸ್1921ಜಿ ಅರ್ಧ ಡಿಗ್ರಿಯ ಹೆಜ್ಜೆಯಲ್ಲಿ ತೋರಿಸಿದರೂ ಅದರ ನಿಖರತೆ ±1 ಡಿಗ್ರಿ. ಲಸಿಕೆಗೆ ಬೇಕಾದ್ದು 2ರಿಂದ 8 ಡಿಗ್ರಿ, ಆದರೆ ಅಲಾರಂ ಮಿತಿಯನ್ನು 3 ಮತ್ತು 7ಕ್ಕೆ ಇಡಿ.